ನೂರೈವತ್ತೊಂಬತ್ತನೆಯ ಊರು

ಹಲ್,
೧೦ ಮಾರ್ಚ್ ೧೯೭೪, ಭಾನುವಾರ

ಪ್ರೀತಿಯ ಲಾರೆನ್ಸ್,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ನಿನ್ನಣ್ಣ ಬದುಕಿದ್ದಾನೆ. ಮಿಕ್ಕದ್ದೆಲ್ಲ ಆಮೇಲೆ, ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕು ಎಂದುಕೊಂಡು ಕುಳಿತೆ. ನಮ್ಮ ಮನೆಯಿಂದ ನಿಮ್ಮ ಮನೆಗೆ ಕ್ರಿಸ್‌ಮಸ್ ಕಾರ್ಡು ಬಿಟ್ಟು ಇನ್ನೇನಾದರೂ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆ ಕಾರ್ಡಿನಲ್ಲೂ ಎರಡು ಹೆಸರು ಇರುತ್ತಿತ್ತು, ಅಕ್ಷರ ಮಾತ್ರ ನನ್ನೊಬ್ಬಳದು. ಅದು ನಿನಗೆ ಗೊತ್ತಾಗದೇ ಇರಲಾರದು.

ಜನವರಿಯಲ್ಲಿ ವಿಲ್ಫ್‌ಗೆ ಪಾರ್ಶ್ವವಾಯು ಬಡಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತು. ಈ ಚಳಿಗಾಲದ ಕರೆಂಟಿನ ಪಾಡು ನಿಮಗೂ ಗೊತ್ತೇ ಇದೆಯಲ್ಲ, ನಾನು ಗ್ಯಾಸಿನ ಉರಿಯ ಮೇಲೆ ಬ್ರೆಡ್ಡು ಸುಡುತ್ತಿದ್ದೆ. ಅವನು ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೇ ಪಕ್ಕಕ್ಕೆ ವಾಲಿದ. ನಗಾಡುತ್ತಿದ್ದಾನೆ ಎಂದುಕೊಂಡೆ. ಹಿಡಿದು ಕೂರಿಸಿದಾಗ ಬಲಗೈ, ಬಲಗಾಲು ಬೇರೆ ಯಾರದೋ ಎಂಬಂತೆ ಜೋತುಬಿದ್ದಿದ್ದವು. ಬಾಯಿ ಒಂದು ಕಡೆಗೆ ಜಾರಿತ್ತು. ಏನೋ ಹೇಳಲು ಹೆಣಗಿದ, ಬರಲಿಲ್ಲ. ಪಕ್ಕದ ಮನೆಯವರು ಫೋನು ಮಾಡಿ ಆಂಬುಲೆನ್ಸ್ ಕರೆಸಿದರು. ಅವನ ಒಂದು ಕಾಲಿಗೆ ಬೂಟಿತ್ತು, ಇನ್ನೊಂದಕ್ಕೆ ಇರಲಿಲ್ಲ. ಆ ಇನ್ನೊಂದು ಬೂಟನ್ನು ಎದೆಗವಚಿಕೊಂಡು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ ನನಗೇ ಗೊತ್ತಿಲ್ಲ.

ಆಗಲೇ ನಿನಗೆ ತಿಳಿಸಬೇಕೆಂದು ಮನಸ್ಸು ಹೇಳಿತು. ಆದರೆ ಅವನ ಇಷ್ಟವೇನೆಂದು ಕೇಳದೆ ಬರೆಯುವುದು ಹೇಗೆ? ಕೇಳೋಣವೆಂದರೆ ಉತ್ತರ ಕೊಡಲು ಅವನಿಗೆ ಮಾತಿರಲಿಲ್ಲ. ಹಾಗಾಗಿ ಸುಮ್ಮನಿದ್ದೆ. ಅವನು ಪ್ರತಿದಿನವೂ ಉತ್ತರ ಕೊಡುತ್ತಲೇ ಇದ್ದ ಎನ್ನುವುದು ಕಳೆದ ತಿಂಗಳಷ್ಟೇ ತಿಳಿಯಿತು. ಈ ಕಾಗದ ಬರೆಯುತ್ತಿರುವುದು ಅದನ್ನು ಹೇಳುವುದಕ್ಕೇ.

ಮೊದಲ ವಾರ ಅವನ ಬಾಯಿಂದ ಉಸಿರು ಬಿಟ್ಟು ಬೇರೇನೂ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ನಾನು ವಾರ್ಡಿನೊಳಗೆ ಕಾಲಿಡುವಾಗ ತಲೆಯೆತ್ತಿ ನೋಡಿ, ಸ್ಪಷ್ಟವಾಗಿ, "ಒಂಬೈನೂರ ಮೂವತ್ತು" ಅಂದ. ನನಗೆ ಖುಷಿಯೋ ಖುಷಿ. ಮಾತು ಬಂತಲ್ಲ! ಓಡಿಹೋಗಿ ಕೈ ಹಿಡಿದುಕೊಂಡು, "ಏನಂದೆ? ಇನ್ನೊಂದ್ಸಲ ಹೇಳು" ಅಂದೆ. "ಒಂಬೈನೂರ ಮೂವತ್ತು" ಅಂದ, ಮೊದಲಿಗಿಂತ ಜೋರಾಗಿ. ಟೀ ಬೇಕಾ ಅಂತ ಕೇಳಿದೆ, ದಿಂಬು ಸರಿಮಾಡಲಾ ಅಂತ ಕೇಳಿದೆ. ಅದಕ್ಕೂ ಅದೇ, ಇದಕ್ಕೂ ಅದೇ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಶುರುವಾಯಿತು: "ನೂರೈವತ್ತೊಂಬತ್ತು."

ಅಂದಿನಿಂದ ಅದೇ ಪಾಡು. ನಾನು ಬಂದಾಗ ಒಂಬೈನೂರ ಮೂವತ್ತು, ಹೊರಡುವಾಗ ನೂರೈವತ್ತೊಂಬತ್ತು. ಅದನ್ನು ಹೇಳುವಾಗ ನನ್ನ ಕೋಟಿನ ತೋಳು ಹಿಡಿದುಕೊಂಡು ಮುಖವನ್ನೇ ನೋಡುತ್ತಿದ್ದ. ನಾನು ತಲೆಯಾಡಿಸಿ "ಸರಿ ಸರಿ" ಅಂದರೆ ಕೈ ಸಡಿಲಬಿಟ್ಟು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

ವಾರ್ಡಿನ ಸಿಸ್ಟರ್ ಒಳ್ಳೆಯವಳು. "ಮಿಸ್ಸೆಸ್ ಥರ್ಕೆಲ್, ನಿಮ್ಮನೆಯೋರು ಮರದ ಡಿಪೋದಲ್ಲಿ ಲೆಕ್ಕ ಬರೀತಿದ್ರಂತೆ ಅಲ್ವಾ? ಇನ್ನೂ ಹಲಗೆ ಎಣಿಸ್ತಾನೇ ಇದಾರೆ, ಪಾಪ. ಬಿಡಿ, ಎಣಿಸ್ಕೊಳ್ಲಿ" ಅಂದಳು. ಪಕ್ಕದ ಮಂಚದಲ್ಲಿ ಸಿಡ್ ಗೌಲೆಂಡ್ ಅಂತ ಒಬ್ಬ ಮುದುಕ ಇದ್ದಾನೆ. ಮೀನಿನ ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದವನು, ಈಗ ಸೊಂಟ ಮುರಿದುಕೊಂಡು ಮಲಗಿದ್ದಾನೆ, ಆದರೆ ನಾಲಗೆಗೆ ಏನೂ ಆಗಿಲ್ಲ. ವಿಲ್ಫ್ ಬಾಯಿಂದ ನಂಬರು ಬಿದ್ದ ಕೂಡಲೇ ಅವನು "ಹೌಸ್!" ಅಂತ ಕೂಗುತ್ತಿದ್ದ. "ಏನ್ ಮಾರಾಯಾ, ಹೌಸಿ ಆಡ್ಸೋನು ತೊಂಬತ್ತರ ಒಳಗೆ ಕೂಗ್ಬೇಕಪ್ಪಾ! ನಿನ್ನ ನಂಬರು ಯಾರ ಟಿಕೆಟ್ಟಲ್ಲೂ ಇಲ್ವಲ್ಲೋ." ವಾರ್ಡೆಲ್ಲ ನಗುತ್ತಿತ್ತು. ಅವನಿಗೆ ನೋವಾಗಲೆಂದು ಯಾರೂ ನಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ವಿಲ್ಫ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ನಾನು ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಅಂಥ ನಂಬರಿನ ಬಸ್ಸು ನಮ್ಮ ಕಡೆ ಇದೆಯೇ ಎಂದು ಕಂಡಕ್ಟರನ್ನು ಕೇಳಿದೆ. ಡಿಪೋಗೆ ಹೋಗಿ ಅವನ ಲಾಕರಿನ ನಂಬರು ಕೇಳಿದೆ. ಒಂದು ಸಲ ನನಗೇ ಹೊಳೆಯಿತು, ಚರ್ಚಿನ ಹಾಡಿರಬೇಕು! ಪುಸ್ತಕ ತೆಗೆದುಕೊಂಡು ಹೋಗಿ, ನೂರೈವತ್ತೊಂಬತ್ತನೆಯ ಹಾಡನ್ನು ಮಂಚದ ಪಕ್ಕ ಕುಳಿತು ಸಣ್ಣದನಿಯಲ್ಲಿ ಪೂರ್ತಿ ಹಾಡಿದೆ. ನನ್ನ ಕಂಠ ಎಂಥದೆಂದು ನಿನಗೆ ನೆನಪಿರಬೇಕು. ಸಿಡ್ ಟೋಪಿ ತೆಗೆದು ಗೌರವದಿಂದ ಕೇಳಿದ. ವಿಲ್ಫ್ ಕಣ್ಣಲ್ಲಿ ನೀರು ಬಂತು. ಹಾಡಿಗೆ ಕರಗಿ ಬಂದ ನೀರಲ್ಲ ಅದು, ಸಿಟ್ಟಿನದು. ಎಡಗೈಯಿಂದ ಪುಸ್ತಕವನ್ನು ತಳ್ಳಿ ನೆಲಕ್ಕೆ ಬೀಳಿಸಿದ.

ಡಾಕ್ಟರ್ ಪೆಂಡರ್ ನನ್ನನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿದರು. ಬಾಗಿಲು ಹಾಕಿದಾಗಲೇ ನನಗೆ ಗೊತ್ತಾಯಿತು. "ಅದು ಮಾತಲ್ಲಮ್ಮಾ" ಅಂದರು. "ಗ್ರಾಮಫೋನಿನ ಮುಳ್ಳು ಒಂದೇ ಗೀರಲ್ಲಿ ಸಿಕ್ಕಿಹಾಕ್ಕೊಂಡ ಹಾಗೆ. ನಿಮಗೆ ಸುಳ್ಳು ಭರವಸೆ ಕೊಡೋಕೆ ನನಗಿಷ್ಟ ಇಲ್ಲ. ನೀವು ಶಾಲೆ ಅಡುಗೆಮನೆ ಕೆಲಸಕ್ಕೆ ಹೋದ ಹೊತ್ತಲ್ಲಿ ಅವ್ರಿಗೆ ಏನಾದ್ರೂ ಬೇಕಾದ್ರೆ, ಏನಾದ್ರೂ ನೋವಾದ್ರೆ, ಹೇಳೋಕೆ ಆಗ್ಬೇಕಲ್ಲ?" ಊರಾಚೆ, ಹೊಲಗಳ ನಡುವೆ, ಇಂಥವರಿಗಾಗಿಯೇ ಒಂದು ಮನೆ ಇದೆ. ಅಲ್ಲಿ ಜಾಗ ಖಾಲಿಯಾಗುವುದರಲ್ಲಿತ್ತು. ಹೋಗಿ ನೋಡಿ ಬಂದೆ. ಚೊಕ್ಕಟವಾಗಿದೆ, ಬೆಚ್ಚಗಿದೆ, ನರ್ಸುಗಳು ಗದರುವುದಿಲ್ಲ. ಗೋಡೆಯುದ್ದಕ್ಕೂ ಕುರ್ಚಿಗಳು, ಕುರ್ಚಿಗೊಬ್ಬರಂತೆ ಜನ. ಟಿ.ವಿ. ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ: ಇಲ್ಲಿಗೆ ಬಂದ ಮೇಲೆ ಅವನು ಮಾತು ಕಲಿಯುವುದಾದರೂ ಯಾರ ಹತ್ತಿರ ಆಡುವುದಕ್ಕೆ? ಆದರೂ ಒಪ್ಪಿಗೆ ಕೊಡುವುದೆಂದು ಹೆಚ್ಚುಕಡಿಮೆ ತೀರ್ಮಾನ ಮಾಡಿಬಿಟ್ಟಿದ್ದೆ, ಲಾರಿ. ಬೇರೆ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಸಿರಿಲ್ ಆಕ್ಸ್‌ಟಬಿ ಬಂದರು.

ಸಿರಿಲ್ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಸಿಕ್ಕ ಸ್ನೇಹ. ದಂತವೈದ್ಯರಾಗಿದ್ದು ನಿವೃತ್ತರಾದವರು. ಇಲ್ಲಿಯ ಅಂಚೆಚೀಟಿ ಸಂಘದಲ್ಲಿ ಅವರೂ ನಿನ್ನಣ್ಣನೂ ಗುರುವಾರಗಳಂದು ಎದುರುಬದುರು ಕುಳಿತು ಜಗಳವಾಡುತ್ತಿದ್ದರು. ಇಬ್ಬರಿಗೂ ಚೀಟಿಯ ಚೆಂದ ಬೇಕಿಲ್ಲ, ಅದರ ಮೇಲೆ ಬಿದ್ದ ಮುದ್ರೆ ಬೇಕು. ಉಳಿದವರು ಶುಭ್ರವಾದ ಚೀಟಿಗೆ ಮುಗಿಬಿದ್ದರೆ ಇವರು ಮಸಿ ಬಳಿದುಕೊಂಡದ್ದನ್ನೇ ಹುಡುಕಿ ಭೂತಗನ್ನಡಿ ಹಿಡಿದು ಕೂರುವವರು. ಈ ಹುಚ್ಚು ಹಿಡಿದದ್ದು ಎಲ್ಲಿಂದ ಎಂದು ನಿನಗೆ ನಾನು ಹೇಳಬೇಕೇ? ಅಡುಗೆಮನೆಯ ಮೇಜಿನ ಕೆಳಗೆ ಇಬ್ಬರು ಹುಡುಗರು ತಲೆಗೆ ತಲೆ ತಾಗಿಸಿಕೊಂಡು ಚೀಟಿ ವಿಂಗಡಿಸುತ್ತಿದ್ದ ಕಥೆಯನ್ನು ಅತ್ತೆ ಇರುವವರೆಗೂ ಹೇಳುತ್ತಿದ್ದರು.

ಸಿರಿಲ್ ಎದೆಯ ಕಫದಿಂದ ಮಲಗಿಬಿಟ್ಟಿದ್ದರಿಂದ ಅಲ್ಲಿಯವರೆಗೆ ಆಸ್ಪತ್ರೆಗೆ ಬಂದಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, ಮಂಚದ ಬುಡದಲ್ಲಿ ನಿಂತು, ಏನು ಹೇಳಬೇಕೆಂದು ತೋಚದೆ ಕೆಮ್ಮಿದರು. ವಿಲ್ಫ್ ಅವರನ್ನು ನೋಡಿದವನೇ, "ನಾನೂರ ನಲವತ್ತೇಳು" ಅಂದ.

ಇನ್ನೊಂದು ಹೊಸ ನಂಬರು! ನಾನು ಸಿರಿಲ್‌ಗೆ ವಿವರಿಸಲು ಬಾಯಿ ತೆರೆಯುವ ಮೊದಲೇ ಅವರು ಹುಬ್ಬು ಗಂಟಿಕ್ಕಿ ಅವನ ಮೇಲೆ ಹರಿಹಾಯ್ದರು: "ಲೀಡ್ಸ್ ಬಿಟ್ಟು ಬಂದು ನನ್ನ ಅರ್ಧ ಆಯುಸ್ಸು ಕಳೀತು. ಇನ್ನೂ ಅದನ್ನೇ ಹಿಡ್ಕೊಂಡು ಚುಚ್ತೀಯಲ್ಲೋ! ಮಲಗಿದ್ರೂ ಬುದ್ಧಿ ಬಿಡ್ಲಿಲ್ಲ ನೋಡು."

ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ಟೋಪಿ ಕೈಜಾರಿ ಬಿತ್ತು. ವಿಲ್ಫ್ ಮಲಗಿದ್ದಲ್ಲಿಂದಲೇ ಎಡಗೈ ಚಾಚಿ ಸಿರಿಲ್‌ರ ಟೈ ಹಿಡಿದು ಎಳೆದ. ನಗುತ್ತಿದ್ದನೋ ಅಳುತ್ತಿದ್ದನೋ ಹೇಳಲಾರೆ. ಆ ಸೊಟ್ಟ ಬಾಯಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನಿನಗೆ ಇಷ್ಟೊತ್ತಿಗೆ ಅರ್ಥವಾಗಿರುತ್ತದೆ. ನನಗೆ ಮಾತ್ರ ಒಂದೂ ತಿಳಿಯಲಿಲ್ಲ. ಸಿರಿಲ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಂಚೆಯವರು ಊರಿಗೊಂದು ನಂಬರು ಕೊಟ್ಟಿದ್ದರಂತೆ. ಚೀಟಿಯನ್ನು ಎರಡನೇ ಸಲ ಬಳಸದಂತೆ ಹೊಡೆಯುವ ಠಸ್ಸೆಯಲ್ಲಿ ಊರಿನ ಹೆಸರಿನ ಬದಲು ಗೆರೆಗಳ ನಡುವೆ ಆ ನಂಬರನ್ನೇ ಕೆತ್ತುತ್ತಿದ್ದರಂತೆ. ಸಿರಿಲ್‌ರ ಹಳೆಯ ಊರಾದ ಲೀಡ್ಸ್ ನಾನೂರ ನಲವತ್ತೇಳು, ಮ್ಯಾಂಚೆಸ್ಟರ್ ನಾನೂರ ತೊಂಬತ್ತೆಂಟು, ಲಿವರ್‌ಪೂಲ್ ನಾನೂರ ಅರವತ್ತಾರು, ನಮ್ಮ ಹಲ್ ಮುನ್ನೂರ ಎಂಬತ್ತಮೂರು. ಮಗ್ಗಿ ಕಲಿತ ಹಾಗೆ ಅವೆಲ್ಲ ಇವರಿಬ್ಬರಿಗೂ ಬಾಯಿಪಾಠ. ಊಟದ ಹೊತ್ತಿನಲ್ಲಿ ಅವನು ಇದನ್ನು ಎಷ್ಟು ಸಲ ಹೇಳಿದ್ದನೋ, ನಾನು "ಹೂಂ" ಅಂದುಕೊಂಡು ಆಲೂಗಡ್ಡೆ ಬಡಿಸಿದ್ದೇ ಬಂತು. ಮಿದುಳಿನಲ್ಲಿ ಹೆಸರುಗಳಿದ್ದ ಕೋಣೆಗೆ ಬೀಗ ಬಿದ್ದಿತ್ತು, ನಂಬರುಗಳಿದ್ದ ಕೋಣೆಯ ಕಿಟಕಿ ತೆರೆದೇ ಇತ್ತು. ಅಲ್ಲಿಂದ ಅವನು ಕೂಗುತ್ತಿದ್ದ.

"ಒಂಬೈನೂರ ಮೂವತ್ತು ಯಾವೂರು?" ಅಂತ ಕೇಳಿದೆ.

"ಯಾರ್ಕ್" ಅಂದರು ಸಿರಿಲ್. "ಯಾಕೆ, ಯಾರ್ಕಿನೋರು ಯಾರಿದ್ದಾರೆ ನಿಮ್ಮಲ್ಲಿ?"

ನಾನು, ಲಾರಿ. ನಾನೇ ಯಾರ್ಕಿನವಳು. ನಾನು ಬಾಗಿಲಲ್ಲಿ ಕಾಣಿಸಿಕೊಂಡಾಗಲೆಲ್ಲ ಅವನು ನನ್ನ ಹೆಸರು ಹಿಡಿದು ಕರೆಯುತ್ತಿದ್ದ, ನಾನು "ಟೀ ಬೇಕಾ" ಅಂತ ಕೇಳುತ್ತಿದ್ದೆ.

ಸಿಡ್ ಗೌಲೆಂಡ್ ಆ ಕಡೆಯಿಂದ, "ನಾನು ಗ್ರಿಮ್ಸ್‌ಬಿಯೋನು, ನನ್ನ ನಂಬರೆಷ್ಟು?" ಅಂತ ಕೂಗಿದ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ನಾನು ವಿಲ್ಫ್ ಕೈಯನ್ನು ಕೆನ್ನೆಗೆ ಒತ್ತಿಕೊಂಡೆ. ಆಮೇಲೆ ಮೂಗು ಒರೆಸಿಕೊಂಡು ಕೇಳಿದೆ, "ಹಾಗಾದ್ರೆ ನೂರೈವತ್ತೊಂಬತ್ತು?"

ಸಿರಿಲ್ ಹಣೆ ಉಜ್ಜಿಕೊಂಡರು. "ಇಂಗ್ಲೆಂಡಿನ ಪಟ್ಟಿಲಿ ಹುಡುಕಿದ್ರೆ ಬೇರೆ ಊರು ಬರುತ್ತೆ. ಆದ್ರೆ ಸ್ಕಾಟ್ಲೆಂಡಿಗೆ ಬೇರೆ ನಂಬರುಗಳು. ಅದ್ರಲ್ಲಿ ನೂರೈವತ್ತೊಂಬತ್ತು ಅಂದ್ರೆ ಗ್ಲಾಸ್ಗೋ. ನಿಮಗೆ ಗ್ಲಾಸ್ಗೋದಲ್ಲಿ ಯಾರಾದ್ರೂ..."

ನಾನು ವಿಲ್ಫ್ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ. "ಲಾರೆನ್ಸಾ?" ಅಂದೆ. ಅವನು ಕಣ್ಣು ಮುಚ್ಚಿ ದಿಂಬಿಗೆ ತಲೆ ಚೆಲ್ಲಿದ. ಬಹಳ ಭಾರದ ಮೂಟೆಯನ್ನು ಇಳಿಸಿದವರು ಉಸಿರು ಬಿಡುತ್ತಾರಲ್ಲ, ಹಾಗೆ ಉಸಿರು ಬಿಟ್ಟ.

ಇದನ್ನು ನಾನು ಉಪ್ಪುಖಾರ ಹಚ್ಚಿ ಬರೆಯುತ್ತಿಲ್ಲ. ನಡೆದದ್ದು ಇಷ್ಟೇ.

ಡಾಕ್ಟರ್ ಪೆಂಡರ್‌ಗೆ ಹೇಳಿದಾಗ ಅವರು ತಕ್ಷಣಕ್ಕೆ ನಂಬಲಿಲ್ಲ. "ಬಾಯಿಪಾಠ ಬೇರೆ, ಅರ್ಥ ಇಟ್ಕೊಂಡು ಹೇಳೋದು ಬೇರೆ" ಅಂದರು. ತಪ್ಪೇನಿಲ್ಲ, ಅವರ ಕೆಲಸ ಅದು. ಸಿರಿಲ್‌ರನ್ನು ಓಣಿಯಲ್ಲಿ ನಿಲ್ಲಿಸಿ ಬಾಗಿಲು ಹಾಕಿ, ಮಂಚದ ಮೇಲೆ ಕುಳಿತು ಕೇಳಿದರು: "ವಿಲ್ಫ್, ಯುದ್ಧದ ಕಾಲ್ದಲ್ಲಿ ನೀವು ಎಲ್ಲಿದ್ರಿ?" ನಿನ್ನಣ್ಣ ಬಹಳ ಹೊತ್ತು ಬಾಯಿ ಆಡಿಸಿದ. ಕೊನೆಗೆ, "ಎ ಇಪ್ಪತ್ತೈದು" ಅಂದ. ಎ ಅಂತ ಬೇರೆ ಸೇರಿಕೊಂಡಿತಲ್ಲ, ಕೆಟ್ಟಿತು ಕೆಲಸ ಅಂದುಕೊಂಡೆ. ಡಾಕ್ಟರು ಓಣಿಗೆ ಹೋದರು, ನಾನೂ ಹಿಂದೆಯೇ ಹೋದೆ.

"ಎ ಇಪ್ಪತ್ತೈದು ಅಂದ್ರೇನ್ರೀ?"

ಸಿರಿಲ್ ಕಣ್ಣು ಮಿಟುಕಿಸದೆ ಹೇಳಿದರು, "ಮಾಲ್ಟಾ. ಹೊರದೇಶದಲ್ಲಿ ನಮ್ಮ ಚೀಟಿ ನಡೀತಿದ್ದ ಊರುಗಳಿಗೆ ಅಕ್ಷರ ಸೇರಿಸ್ತಿದ್ರು."

ಡಾಕ್ಟರು ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ. ಮಾಲ್ಟಾದಿಂದ ಅವನು ಬಿಸಿಲಿಗೆ ಕಂದಿಹೋಗಿ ಬಂದಾಗ ಸ್ಟೇಷನ್ನಿಗೆ ಕರೆತರಲು ಹೋಗಿದ್ದವನು ನೀನೇ ಅಲ್ಲವೇ. ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. "ಆ ಜಾಗಕ್ಕೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ" ಅಂದರು. "ಇವ್ರು ಇಲ್ಲೇ ಇರ್ಲಿ. ನೋಡೋಣ."

ಅಲ್ಲಿಂದ ಮುಂದೆ ಸಿರಿಲ್ ದಿನಾ ಬರತೊಡಗಿದರು. ಒಂದು ಹಿಡಿ ಹಳೇ ಚೀಟಿ ತಂದು ಊಟದ ತಟ್ಟೆಯ ಮೇಲೆ ಸುರಿಯುವುದು, ಒಂದೊಂದನ್ನೇ ಎತ್ತಿ ತೋರಿಸುವುದು. ಇವನು ನಂಬರು ಹೇಳಬೇಕು, ಅವರು ಊರಿನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹೇಳಿ ನಿಲ್ಲಿಸಬೇಕು. ಮೊದಮೊದಲು ಏನೂ ಬರಲಿಲ್ಲ. ಆಮೇಲೆ "ಲಿವ" ಅಂದ. ಮರುದಿನ "ಲಿವಪೂ". ಸಿಡ್ ಕೂಡ ಆಟಕ್ಕೆ ಸೇರಿಕೊಂಡ. ಒಂದು ನರ್ಸಂತೂ ಡ್ಯೂಟಿ ಮುಗಿದ ಮೇಲೂ ನಿಂತು ನೋಡುತ್ತಿದ್ದಳು.

ಇಷ್ಟೆಲ್ಲ ಊರುಗಳ ಹೆಸರಾಯಿತು. ಊರಲ್ಲದ ಮೊದಲ ಮಾತು ಬಂದದ್ದು ಹೇಗೆಂದು ನೀನು ಕೇಳಲೇಬೇಕು.

ಸಿರಿಲ್ ಎಲ್ಲಿಂದಲೋ ಒಂದು ಕೆಂಪು ಬಣ್ಣದ ನಾಲ್ಕು ಪೆನ್ನಿ ಚೀಟಿ ಕೊಂಡಿದ್ದರು. ಅದರ ಮೇಲಿನ ಮುದ್ರೆ ಮಸಿ ಹೆಚ್ಚಾಗಿ ಕಲೆಸಿಹೋಗಿತ್ತು. ಸಿ ಅಕ್ಷರ ಕಾಣುತ್ತದೆ, ಮೂರು ಕಾಣುತ್ತದೆ, ಅದರ ಪಕ್ಕದ ಅಂಕಿಯ ಬಲಭಾಗ ಚೀಟಿಯಿಂದ ಹೊರಗೆ ಹೋಗಿಬಿಟ್ಟಿದೆ. ದಕ್ಷಿಣ ಅಮೆರಿಕದ ಯಾವುದೋ ಬಂದರಿನದು ಎನ್ನುವುದು ಖಾತ್ರಿ. "ಸಿ ಮೂವತ್ತು, ಚಿಲಿ ದೇಶದ ವಾಲ್ಪರೈಸೊ. ಅದ್ರಲ್ಲಿ ಮಾತೇ ಇಲ್ಲ" ಅಂತ ಸಿರಿಲ್ ಎದೆ ಸೆಟೆಸಿದರು. ವಿಲ್ಫ್ ಭೂತಗನ್ನಡಿ ಕೇಳಿದ, ಅಂದರೆ ಕಣ್ಣಿನ ಮುಂದೆ ಬೆರಳು ಸುತ್ತಿಸಿದ. ಎಡಗೈ ನಡುಗುತ್ತಿದ್ದರಿಂದ ನಾನು ಗಾಜು ಹಿಡಿದೆ. ಅವನ ಟೀ ಆರಿತು, ನನ್ನ ತೋಳು ಸೋತಿತು, ಅವನು ಮಾತ್ರ ಕಣ್ಣು ಕೀಳಲಿಲ್ಲ. ಎಷ್ಟೋ ವಾರಗಳಿಂದ ಕಳೆದುಹೋಗಿದ್ದ ಮುಖವದು, ಡಿಪೋದಿಂದ ಬಂದು ದೀಪದ ಕೆಳಗೆ ಕೂರುತ್ತಿದ್ದವನ ಮುಖ. ಕೊನೆಗೆ, "ಸಿ ಮೂವತ್ತೆಂಟು" ಅಂದ.

"ಪೆರುವಿನ ಕಲ್ಯಾವೋ ಬಂದರಾ? ಎಲ್ಲಾದ್ರೂ ಉಂಟಾ! ಮೂವತ್ತು ಕಣೋ!"

"ಮೂವತ್ತೆಂಟು."

"ಮೂವತ್ತು! ನನ್ನ ಕಣ್ಣು ಚೆನ್ನಾಗೇ ಇದೆ."

ವಿಲ್ಫ್ ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ನಾನು ಹೆದರಿ ನರ್ಸನ್ನು ಕರೆಯಲು ಎದ್ದೆ. ಅಷ್ಟರಲ್ಲಿ ಅವನ ಬಾಯಿಂದ ಗುಂಡಿನ ಹಾಗೆ ಸಿಡಿಯಿತು: "ಕತ್ತೆ!"

ಸಿರಿಲ್ ಕಣ್ಣು ಅಗಲಿಸಿಕೊಂಡು, ಬಿರುದು ಪಡೆದವರ ಹಾಗೆ ಎದ್ದು ನಿಂತು ವಾರ್ಡಿಗೆಲ್ಲ ಕೇಳುವಂತೆ, "ಕೇಳಿಸ್ಕೊಂಡ್ರಾ? ನನ್ನ ಕತ್ತೆ ಅಂದ! ಸಿಸ್ಟರ್, ಬನ್ನಿ ಇಲ್ಲಿ, ಇವ್ನು ನನ್ನ ಕತ್ತೆ ಅಂದ!" ಎಂದು ಕೂಗಿದರು. ಸಿಡ್ ಚಪ್ಪಾಳೆ ತಟ್ಟಿದ. ನಾನು ನಕ್ಕು ನಕ್ಕು ಮಂಚದ ಕಂಬಿ ಹಿಡಿದುಕೊಂಡೆ, ಆಮೇಲೆ ನೋಡಿದರೆ ಅಳುತ್ತಿದ್ದೆ.

ವಿಲ್ಫ್‌ಗೆ ಇದಾವುದರ ಪರಿವೆಯೂ ಇಲ್ಲ. ಅವನಿಗೆ ಆ ಅಂಕಿ ಮುಖ್ಯ. ಉಗುರಿನಿಂದ ತೋರಿಸಿದ, ಸೊನ್ನೆಯಾಗಿದ್ದರೆ ಅದರ ಎಡಮಗ್ಗುಲು ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಬೇಕು. ಇಲ್ಲಿ ಮಧ್ಯದಲ್ಲಿ ಸೊಂಟದ ಹಾಗೆ ಒಳಕ್ಕೆ ಹೋಗಿದೆ. ಅರ್ಧ ಹೋಗಿದ್ದರೂ ಎಂಟು ಎಂಟೇ. ಸಿರಿಲ್ ಗಾಜು ಕಿತ್ತುಕೊಂಡು ನೋಡಿ, ಇನ್ನೊಮ್ಮೆ ನೋಡಿ, "ಕತ್ತೆ ಅಂದಿದ್ದು ಸರಿಯಾಗಿದೆ" ಅಂದರು.

ಆ ದಿನದಿಂದ ಮಾತುಗಳು ಒಂದೊಂದಾಗಿ ಬರುತ್ತಿವೆ. ಟೀ, ಬೇಡ, ಚಳಿ, ಕಿಟಕಿ. ಮೊನ್ನೆ ನನ್ನ ಹೆಸರನ್ನೇ ಹಿಡಿದು "ಈನಿಡ್" ಅಂದ. ಒಮ್ಮೊಮ್ಮೆ ಮರೆತು ಈಗಲೂ ಒಂಬೈನೂರ ಮೂವತ್ತು ಅನ್ನುತ್ತಾನೆ, ನಾನು ಓಗೊಡುತ್ತೇನೆ. ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾನೆ. ಬರುವ ಶುಕ್ರವಾರ ಮನೆಗೆ ಕಳಿಸುತ್ತಾರೆ. ಮುಂದಿನ ಕೋಣೆಗೆ ಮಂಚ ಇಳಿಸಿಯಾಗಿದೆ. ಮಧ್ಯಾಹ್ನ ನಾನು ಬರುವವರೆಗೆ ಅವನ ಜೊತೆ ಕೂರಲು ಸಿರಿಲ್ ಒಪ್ಪಿದ್ದಾರೆ. ಇಬ್ಬರೂ ಹೊಡೆದಾಡಿಕೊಳ್ಳದಿದ್ದರೆ ಸಾಕು.

ಇನ್ನು ಕಷ್ಟದ ಮಾತು.

ಏನು ನಡೆದಿತ್ತು ಎನ್ನುವುದನ್ನು ನಿನಗೆ ನೆನಪಿಸಲು ನಾನು ಯಾರು? ನೀನು ಕ್ಯಾಥೊಲಿಕ್ ಹುಡುಗಿಯನ್ನು ಅವರ ಚರ್ಚಿನಲ್ಲಿ ಮದುವೆಯಾಗುತ್ತೇನೆಂದು ಬರೆದ ದಿನ ಮಾವ ಊಟದ ಮೇಜಿನಿಂದ ಎದ್ದುಹೋದರು. "ಆ ಮದುವೆಗೆ ಹೋದೋರು ಮತ್ತೆ ಈ ಮನೆ ಮೆಟ್ಲು ಹತ್ತೋದು ಬೇಡ" ಅಂದರು. ವಿಲ್ಫ್ ಅಪ್ಪನ ಮಾತು ಮೀರಲಿಲ್ಲ. ನಾನು ಹೊಸ ಹ್ಯಾಟು ಕೊಂಡಿದ್ದೆ. ಅದು ಡಬ್ಬಿಯಲ್ಲೇ ಉಳಿಯಿತು. ಆಮೇಲೆ ಮಾವ ತೀರಿಕೊಂಡಾಗ ನೀವಿಬ್ಬರೂ ಬಂದಿರಿ. ಅಷ್ಟು ದೂರ, ಆ ಮಳೆಯಲ್ಲಿ. ನೋರೀನ್ ಅಡುಗೆಮನೆಗೆ ಬಂದು, ನಾನು ಬೇಡವೆಂದರೂ ಕೇಳದೆ, ಕಪ್ಪುಗಳನ್ನೆಲ್ಲ ತೊಳೆದು ಒರೆಸಿಟ್ಟಳು. ಹೊರಡುವಾಗ ವಿಲ್ಫ್ ನಿನ್ನ ಕೈ ಕುಲುಕಿದ. ಅವಳೂ ಕೈ ಚಾಚಿದಳು. ಅವನು ಕಾಣದವನ ಹಾಗೆ ಸ್ಯಾಂಡ್‌ವಿಚ್ಚಿನ ತಟ್ಟೆ ಎತ್ತಿಕೊಂಡು ಒಳಗೆ ಹೋದ. ನೀನು ಅವಳಿಗೆ ಕೋಟು ತೊಡಿಸಿ, ಗುಂಡಿ ಹಾಕಿ, ಕರೆದುಕೊಂಡು ಹೋದೆ. ಆ ಗುಂಡಿಗಳನ್ನು ನೀನು ಎಷ್ಟು ನಿಧಾನವಾಗಿ ಹಾಕಿದೆ ಎನ್ನುವುದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ನಿನ್ನ ಹೆಸರಿಲ್ಲ. ಅವನು ಮರೆತಿದ್ದಾನೆಂದೇ ನಾನು ತಿಳಿದಿದ್ದೆ. ಮಾತೆಲ್ಲ ಸೋರಿಹೋದ ಮೇಲೆ ಅವನ ಬಾಯಲ್ಲಿ ಉಳಿದದ್ದು ಎರಡೇ ಊರು, ಒಂದು ನಾನು, ಇನ್ನೊಂದು ನೀನು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಬಾ ಎಂದು ನಾನು ಒತ್ತಾಯಿಸುವುದಿಲ್ಲ. ಆದ ಗಾಯ ನಿನ್ನದು, ಅದು ಮಾಯಿತೋ ಇಲ್ಲವೋ ಎನ್ನುವುದೂ ನಿನಗೇ ಗೊತ್ತು. ನಿನ್ನ ಬಿಡುವು ನೋಡಿಕೊಂಡು, ಮನಸ್ಸಾದರೆ, ಒಂದು ದಿನದ ಮಟ್ಟಿಗಾದರೂ ಬಂದುಹೋಗು. ಅವನಿಗೆ ದಣಿವಾಗುತ್ತದೆ, ಬೇಗ ಅಳು ಬರುತ್ತದೆ, ಅದಕ್ಕೆ ನೀನು ಬೇಜಾರು ಮಾಡಿಕೊಳ್ಳಬಾರದು. ಹಿಂದಿನ ಕೋಣೆಯ ಮಂಚಕ್ಕೆ ಹೊಸ ಹಾಸಿಗೆ ಹಾಕಿದ್ದೇನೆ. ನಿನಗೆ ಇಷ್ಟವಾದ ಹ್ಯಾಡಕ್ ಮೀನು ಈಗಲೂ ನಮ್ಮಲ್ಲಿ ಸಿಗುವಷ್ಟು ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ.

ನೋರೀನ್‌ಗೆ ನನ್ನ ನೆನಪುಗಳು.

ಯಾವಾಗಲೂ ನಿನ್ನ ಒಳಿತನ್ನೇ ಬಯಸುವ ಅತ್ತಿಗೆ,
ಈನಿಡ್

ಮರೆತದ್ದು: ಈ ಕಾಗದವನ್ನು ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ವಿಲ್ಫ್‌ಗೆ ಓದಿ ಹೇಳಿದೆ. ಅವನಿಗೆ ತೋರಿಸದೆ ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದ ಮಾತು ಬಂದಾಗ ಮುಖ ತಿರುಗಿಸಿದ, ಆದರೆ ಓದಬೇಡ ಅನ್ನಲಿಲ್ಲ. ಮಡಚಿ ಲಕೋಟೆಗೆ ಹಾಕಿ ಮೇಲೆ ನಿನ್ನ ಹೆಸರು ಬರೆದೆ. ಅವನು ಅದನ್ನು ನೋಡಿದವನೇ ನನ್ನ ಮುಖಕ್ಕೆ ಎರಡು ಬೆರಳು ಎತ್ತಿ ತೋರಿಸಿದ! ಸಿಡ್ ಗೌಲೆಂಡ್ "ಥೂ, ಕಟ್ಕೊಂಡ ಹೆಂಡ್ತಿಗೇ ಬೈಯೋ ಹಾಗೆ ಎರಡು ಬೆರಳು ತೋರಿಸ್ತಾರೇನೋ!" ಅಂತ ಬೈದ. ನನಗೂ ಬಹಳ ನೋವಾಯಿತು, ಅಂಥ ಕೆಟ್ಟ ಸನ್ನೆ ಮಾಡಿದವನಲ್ಲ ಅವನು. ಎರಡು ದಿನವಾ? ಎರಡು ಗಂಟೆಯಾ? ಎಂದು ಕೇಳಿದೆ. ಅಲ್ಲವೆಂದು ತಲೆ ಅಲ್ಲಾಡಿಸಿದ. ಲಕೋಟೆಯನ್ನು ಕುಟ್ಟಿದ, ನಿನ್ನ ಹೆಸರಿನ ಪಕ್ಕದ ಖಾಲಿ ಜಾಗವನ್ನು ಕುಟ್ಟಿದ, ಮತ್ತೆ ಎರಡು ಬೆರಳು. ಆಗ ನನಗೆ ಅರ್ಥವಾಯಿತು. ಇನ್ನೊಂದು ಚೂರು ಕಾಗದದ ಮೇಲೆ ನೋರೀನ್ ಹೆಸರನ್ನು ದೊಡ್ಡದಾಗಿ ಬರೆದು ಅವನ ಮುಂದೆ ಹಿಡಿದೆ.

ಇಬ್ಬರೂ ಬನ್ನಿ, ಲಾರಿ. ಲಕೋಟೆಯ ಮೇಲೆ ನೋರೀನ್ ಎಂಬ ಹೆಸರು ಅಷ್ಟು ಸೊಟ್ಟಗಿರುವುದಕ್ಕೆ ಅವಳು ಬೇಸರಿಸಬಾರದು. ಅದನ್ನು ಬರೆದದ್ದು ನಾನಲ್ಲ.